ತಗಡಿನ ಕೋತಿ

ಲೈಲ್,

ಈ ಕಾಗದ ಅಂಚೆಗೆ ಹಾಕಲ್ಲ. ಶಿಕಾಗೋದಲ್ಲಿ ದೊಡ್ಡ ಮನುಷ್ಯನಾಗಿರೋ ನಿನಗೆ ಟೆನೆಸ್ಸಿಯ ಈ ಹಾಳೂರಿನ ಸುದ್ದಿ ಯಾಕೆ?

ಇವತ್ತು ಗೋರಿಗಳಿಗೆ ಹೂವಿಡೋ ಭಾನುವಾರ. ಚರ್ಚಿನ ಹಿಂದೆ ಎಲ್ಲರೂ ತಮ್ಮ ತಮ್ಮವರ ಗೋರಿ ಚೊಕ್ಕ ಮಾಡಿ ಕಾಗದದ ಹೂವಿಟ್ಟರು. ನಿಮ್ಮಮ್ಮನದೊಂದು ಬೋಳಾಗಿತ್ತು. ಮನುಷ್ಯ ಕೋತಿಯಿಂದ ಬಂದ ಅಂತ ಪಾಠ ಮಾಡಿದ್ದಕ್ಕೆ ಹೋದ ವರ್ಷ ನಿನ್ನನ್ನ ಕೋರ್ಟಿಗೆ ಎಳೆದರಲ್ಲ, ವಕೀಲರು ಬೈಬಲ್ ಹಿಡಿದು ಕಿರುಚಾಡುವಾಗ ದಿನವೂ ನಿನ್ನ ಬೆನ್ನ ಹಿಂದೆ ಕೂತಿದ್ದವಳು ಆಕೆ ಒಬ್ಬಳೇ. ಆಕೆಯನ್ನ ಮಣ್ಣು ಮಾಡೋಕೂ ನೀನು ಬರಲಿಲ್ಲ.

ಆಗ ಕೋರ್ಟಿನೆದುರು ತಗಡಿನ ಕೋತಿ ಮಾರುತ್ತಿದ್ದ ಡೂಯಿ, ಮಾರದೆ ಉಳಿದದ್ದೊಂದನ್ನ ತಂದು ಆ ಗೋರಿ ಮೇಲೆ ಕೂರಿಸಿದ.

"ಮಗ ಬರ್ದಿದ್ರೇನಮ್ಮಾ, ನೆಂಟ ಬಂದವ್ನೆ ನೋಡು!"

ಪಾದ್ರಿಯೂ ನಕ್ಕ. ನಾನೂ ನಕ್ಕೆ.

ನನ್ನ ಬುಟ್ಟಿಯಲ್ಲಿ ಆಕೆಗಿಷ್ಟವಾದ ನೀಲಿ ಹೂಗಳಿದ್ದವು. ಆದರೆ ನಮ್ಮಲ್ಲಿ ಹೂವಿಡೋದು ಮನೆಯವರು ಮಾತ್ರ. ಮದುವೆ ಆಗ್ತೀನಿ ಅಂದವನೂ ನೀನೇ, ಹೇಳದೆ ರೈಲು ಹತ್ತಿದವನೂ ನೀನೇ.

ಎಲ್ಲರೂ ಊಟಕ್ಕೆ ಹೋದ ಮೇಲೆ ಕೋತಿಯನ್ನ ಎಸೆಯೋಣ ಅಂತ ಎತ್ತಿಕೊಂಡೆ. ಆಮೇಲೆ ಅಲ್ಲೇ ಇಟ್ಟು ಬಂದೆ. ಆಕೆಗೆ ಅಂತ ಬಂದದ್ದು ಅದೊಂದೇ.

ಓರ್ಫಾ