ಹೊರಗಿನ ಕಾರ್ಡು

ದೊಡ್ಡಬಳ್ಳಾಪುರ,
19-11-2025, ಬುಧವಾರ

ನಮ್ಮ ಮನೆಯ ಒಡತಿ, ಪ್ರೀತಿಯ ಅನುಸೂಯಳಿಗೆ,

ಸಮಸ್ತ ಬಂಧುಬಳಗಕ್ಕೂ ನೆರೆಹೊರೆಯವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಫ್ರಿಜ್ಜು ಕಳೆದ ಭಾನುವಾರ ಬೆಳಿಗ್ಗೆಯಿಂದ ಅನಿರ್ದಿಷ್ಟಾವಧಿಯ ಮೌನವ್ರತ ಕೈಗೊಂಡಿದೆ. ಅದರ ಆಶ್ರಯದಲ್ಲಿದ್ದ ಹಾಲು, ಮೊಸರು ಮತ್ತು ನೀನು ಹೋಗುವಾಗ ಮಾಡಿಟ್ಟ ಹುಣಸೆ ಗೊಜ್ಜು ಪಕ್ಕದ ಮನೆಯ ನರಸಮ್ಮನ ಫ್ರಿಜ್ಜಿಗೆ ವಲಸೆ ಹೋಗಿವೆ. ಗೊಜ್ಜು ಅಲ್ಲಿ ದಿನೇದಿನೇ ಕರಗುತ್ತಿದೆ. ತಂಪಿನಲ್ಲಿಟ್ಟ ಪದಾರ್ಥ ಹೇಗೆ ಕರಗುತ್ತದೆ ಎಂದು ಕೇಳುವ ಧೈರ್ಯ ನನಗಿಲ್ಲ; ಅವರ ಫ್ರಿಜ್ಜು, ಅವರ ನಾಲಿಗೆ.

ನೋಡು, ಮೊದಲು ಕೇಳಬೇಕಾದ್ದನ್ನು ಬಿಟ್ಟು ಫ್ರಿಜ್ಜು ಹಿಡಿದು ಕೂತೆ. ಅಂಜನಮ್ಮನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ನೆಲಕ್ಕೆ ಊರುತ್ತಾಳಾ, ಇಲ್ಲ ಅಕ್ಕ ಬಂದಿದ್ದಾಳೆ ಎಂದು ಮಂಚದ ಮೇಲಿಂದಲೇ ರಾಜ್ಯಭಾರ ನಡೆಸಿದ್ದಾಳಾ? ತಂಗಿಗೆ ಬಡಿಸುವ ಗಡಿಬಿಡಿಯಲ್ಲಿ ನಿನ್ನ ಬಿಪಿ ಮಾತ್ರೆ ಮರೆಯಬೇಡ. ಜಡಿಗೇನಹಳ್ಳಿಯಲ್ಲಿ ಚಳಿ ಜಾಸ್ತಿ ಎಂದೆಯಲ್ಲ. ಸ್ವೆಟರ್ ಚೀಲದ ತಳದಲ್ಲಿದೆ, ನಾನೇ ಇಟ್ಟಿದ್ದೇನೆ. ಸೋಮವಾರ ಫೋನಿನಲ್ಲಿ ನೀನು, 'ಈ ವೈರ್ ಎಷ್ಟು ಗಿಡ್ಡ ಮಾಡವ್ರೆ ರೀ, ಚಾರ್ಜ್ ಹಾಕ್ಕೊಂಡು ಮಾತಾಡೋಕ್ ಹೋದ್ರೆ ಮೇಷ್ಟ್ರು ಗೋಡೆ ಪಕ್ಕ ಕೂರ್ಸ್ದಂಗಾಯ್ತದೆ' ಎಂದು ಗೊಣಗಿದ್ದಕ್ಕೆ ನಾನು ನಕ್ಕೆ. ಆ ನಗುವನ್ನು ಈಗ ವಾಪಸ್ ತೆಗೆದುಕೊಂಡಿದ್ದೇನೆ. ಏಕೆಂದು ಆಮೇಲೆ ಬರೆಯುತ್ತೇನೆ.

ಫೋನ್ ಇರುವಾಗ ಈ ಮನುಷ್ಯನಿಗೆ ಕಾಗದ ಬರೆಯುವ ಹುಚ್ಚೇಕೆ ಎನ್ನುತ್ತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಹೋದ ಸಲ ನನ್ನ ಹೊಟ್ಟೆಯ ತೊಂದರೆ ಹೇಳಿಕೊಂಡಾಗ ಅಂಜನಮ್ಮ ಜೀರಿಗೆ ಕಷಾಯ ಹೇಳಿದಳು, ಅವಳ ಗಂಡ ಮೆಂತ್ಯ ಹೇಳಿದ, ಗುರುತೇ ಇಲ್ಲದ ಇನ್ಯಾವುದೋ ಗಂಡಸಿನ ದನಿ 'ಯಜಮಾನ್ರೇ, ಬಿಸ್ನೀರು ಕುಡೀರಿ' ಎಂದಿತು. ಈ ಸಲದ ವಿಷಯ ಹೊಟ್ಟೆಯದಲ್ಲ. ನಿನಗೊಬ್ಬಳಿಗೇ ತಿಳಿಯಬೇಕಾದ್ದು.

ಶುಕ್ರವಾರ ಸಂಜೆ ನಿನ್ನೆದುರೇ ಆದ ಪಂದ್ಯ ನೆನಪಿದೆಯಲ್ಲ? ಮಾನಸ ಕಂಪ್ಯೂಟರಿನಲ್ಲಿ ಬಿಡಿಸಿದ ಸೀರೆಯನ್ನು ನೇಯುವುದಕ್ಕೆ ಮೊದಲೇ, ಪರದೆಯ ಮೇಲೊಂದು ಗೊಂಬೆ ಉಟ್ಟುಕೊಂಡು ನಡೆದಾಡುವ ಹಾಗೆ ಮಾಡಿ ತೋರಿಸಿದರೆ, ಚಿಕ್ಕಪೇಟೆಯ ಅಂಗಡಿಯವರು ಈ ಶನಿವಾರ ನೋಡಿ ಆರ್ಡರ್ ಕೊಡುತ್ತಾರಂತೆ. ಲ್ಯಾಪ್‌ಟಾಪಿಗೆ ಆ ಶಕ್ತಿ ಇಲ್ಲ. ನೆರಿಗೆ ಅಲ್ಲಾಡಿಸು ಎಂದರೆ ಅದು ಏದುಸಿರು ಬಿಟ್ಟು ನಿಂತೇ ಹೋಗುತ್ತದೆ. ಅದಕ್ಕೇ ಜೊತೆಯಲ್ಲಿ ಓದಿದ ಹುಡುಗಿಯಿಂದ ಹಳೆಯದೊಂದು ಗ್ರಾಫಿಕ್ಸ್ ಕಾರ್ಡ್ ತರಿಸಿಕೊಂಡಳು. ಲ್ಯಾಪ್‌ಟಾಪಿನ ಒಳಗೆ ಅದು ಹಿಡಿಸುವುದಿಲ್ಲ. ಹೊರಗೆ ತನ್ನದೇ ಪೆಟ್ಟಿಗೆಯಲ್ಲಿ, ತನ್ನದೇ ಕರೆಂಟಿನಲ್ಲಿ ಕೂತು, ಒಂದು ವೈರಿನ ಮೂಲಕ ಲ್ಯಾಪ್‌ಟಾಪಿಗೆ ಬಲ ಕೊಡುತ್ತದೆ. ಸೈಕಲ್ಲಿಗೆ ಪಕ್ಕದಲ್ಲಿ ನಿಂತ ಲಾರಿಯ ಎಂಜಿನ್ನು ಕಟ್ಟಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. 'ಹಾಗಲ್ಲ ಅಪ್ಪ' ಎಂದಳು ಮಗಳು. ಹೇಗೆ ಎಂದು ಹೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. 'ನಾನ್ ಬರೋದ್ರೊಳಗೆ ಈ ಪೆಟ್ಗೆ ಕೆಲ್ಸ ಮಾಡ್ಲಿ, ಬಾಯ್ ಮುಚ್ಕೊಂಡಿರ್ತೀನಿ. ಇಲ್ಲಾಂದ್ರೆ ಸೋಮವಾರ ನೆಲಮಂಗಲದ ಗೋಡೌನ್‌ಗೆ ಹೋಗಿ ಸೇರ್ಕೋಬೇಕು. ತಿಂಗ್ಳಿಗ್ ಸಂಬಳ, ಗೇಟ್ ಮುಂದೆ ಬಸ್ಸು. ನನ್ ಥರ ಮಗ್ಗದ್ ಸದ್ದಲ್ಲಿ ಕಿವುಡಿ ಆಗೋದ್ ಬೇಡ ನೀನು.' ಮಾನಸ 'ಆಯ್ತಮ್ಮ' ಎಂದುಬಿಟ್ಟಳು. ನಿನ್ನ ಮಗಳಲ್ಲವೇ, ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯವಳಲ್ಲ.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುವ ಭಾಗ. 'ಕಾರ್ಡು ಬರುತ್ತದೆ' ಎಂದು ಅವಳು ಹೇಳಿದಾಗ ನಾನು ಯಾವ ಕಾರ್ಡು ಎಂದು ಕೇಳಲೇ ಇಲ್ಲ. ಈ ಮನೆಯಲ್ಲಿ ಕಾರ್ಡು ಎಂದರೆ ಒಂದೇ: ಮಗ್ಗದ ಮೇಲೆ ಹೂಬಳ್ಳಿ ಎತ್ತುವ ಜಾಕಾರ್ಡ್ ಯಂತ್ರಕ್ಕೆ ಮಾಲೆ ಹಾಕಿದಂತೆ ತೂಗುಬಿದ್ದಿರುವ, ಡಿಸೈನಿಗೆ ತಕ್ಕಂತೆ ತೂತು ಹೊಡೆದ ರಟ್ಟಿನ ಕಾರ್ಡು. ಪಾರ್ಸೆಲ್ ಬಂದಾಗ ಅವಳು ಸ್ನಾನಕ್ಕೆ ಹೋಗಿದ್ದಳು. ನಾನು ಜವಾಬ್ದಾರಿಯುತ ತಂದೆಯಂತೆ ಅದನ್ನು ನೇರವಾಗಿ ನಮ್ಮ ಕಾರ್ಡು ಹೊಡೆಯುವ ಮುನಿಕೃಷ್ಣನ ಅಂಗಡಿಗೆ ಕಳಿಸಿಕೊಟ್ಟೆ, ಮಾಲೆಯಾಗಿ ಹೊಲಿದು ಕೊಡಪ್ಪಾ ಎಂದು. ಅರ್ಧ ಗಂಟೆಯಲ್ಲಿ ಮುನಿಕೃಷ್ಣನೇ ಪೆಟ್ಟಿಗೆ ಎದೆಗವಚಿಕೊಂಡು ಬಂದ. 'ಯೋಗಣ್ಣ, ಇದ್ರಲ್ಲಿ ಒಂದ್ ತೂತೂ ಇಲ್ಲ, ಮೂರ್ ಫ್ಯಾನ್ ಅವೆ. ಯಾವ್ ಸೀರೆಗಣ್ಣ ಇದು, ಬೇಸ್ಗೆ ಸೀರೆಗಾ?' ಈಗ ಬೀದಿಯಲ್ಲಿ ಯಾರು ಸಿಕ್ಕಿದರೂ ಬೇಸಿಗೆ ಸೀರೆ ಯಾವಾಗ ಮಾರ್ಕೆಟ್ಟಿಗೆ ಬರುತ್ತದೆ ಎಂದು ಕೇಳುತ್ತಾರೆ.

ಆದರೆ ಅನು, ಆ ಶುಕ್ರವಾರ ಸಂಜೆ ಅದು ಕೆಲಸ ಮಾಡಿತು. ನೀನು ಒಳಗೆ ಚೀಲ ತುಂಬುತ್ತಿದ್ದೆ. ಪರದೆಯ ಮೇಲೆ ಗೊಂಬೆ ನಿಂತಿತ್ತು, ಮೈಮೇಲೆ ಮಾನಸಳ ಸೀರೆ. ಗೊಂಬೆ ಹೆಜ್ಜೆ ಇಟ್ಟಿತು, ನೆರಿಗೆ ಬಿಚ್ಚಿ ಮುಚ್ಚಿತು, ಅಂಚು ಬೆಳಕಿಗೆ ತಿರುಗಿದಾಗ ಜರಿ ಮಿಂಚಿತು. ಇನ್ನೂ ಒಂದೆಳೆಯನ್ನೂ ನಾವು ಮಗ್ಗಕ್ಕೆ ಹಾಕದ ಸೀರೆ! ಆಮೇಲೆ ಗಮನಿಸಿದೆ: ಗೊಂಬೆ ಸೆರಗನ್ನು ಸುತ್ತಿ ಎಡಸೊಂಟಕ್ಕೆ ಸಿಕ್ಕಿಸಿಕೊಂಡಿತ್ತು, ಜಗಳಕ್ಕೆ ಹೊರಟವರ ಹಾಗೆ. ಇದ್ಯಾರಮ್ಮ, ನಿಮ್ಮಮ್ಮನ ಹಾಗಿದ್ದಾಳೆ ಎಂದೆ. 'ನಾನ್ ನೋಡಿರೋದೇ ಹಂಗೆ ಉಟ್ಕೊಳ್ಳೋದು ಅಪ್ಪ' ಎಂದಳು. ಬಾ ಇಲ್ಲಿ ಎಂದು ನಿನ್ನನ್ನು ಕೂಗಿದೆ. ನೀನು ಕೈ ಒರೆಸಿಕೊಂಡು ಬಾಗಿಲಿಗೆ ಬರುವುದಕ್ಕೂ ಕರೆಂಟು ಹೋಗಿ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು. 'ಏನೂ ಇಲ್ವಲ್ರೀ' ಎಂದೆ ನೀನು, ಕತ್ತಲನ್ನು ನೋಡಿ. ಪಂದ್ಯ ಕಟ್ಟಿದ್ದು ಅದೇ ಕತ್ತಲಲ್ಲಿ. ಕರೆಂಟ್ ಮತ್ತೆ ಬಂದಾಗ ಸುಟ್ಟುಹೋದೀತು ಎಂದು ನೀನು ಮನೆಯ ವೈರುಗಳನ್ನೆಲ್ಲ ಕಿತ್ತು ಬಿದಿರು ಬುಟ್ಟಿಗೆ ಹಾಕಿದೆ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಹೋದೆ.

ಅಲ್ಲಿಂದಾಚೆ ಆ ಪೆಟ್ಟಿಗೆ ನಮ್ಮನ್ನು ಗುರುತು ಹಿಡಿದಿಲ್ಲ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಲ್ಯಾಪ್‌ಟಾಪು ಚಾರ್ಜ್ ಕೂಡ ಆಗುತ್ತದೆ. ಆದರೆ ಕಾರ್ಡು ಎಂಬುದೊಂದು ಪಕ್ಕದಲ್ಲಿದೆ ಎಂದು ಲ್ಯಾಪ್‌ಟಾಪು ಒಪ್ಪುವುದೇ ಇಲ್ಲ. ಕರೆಂಟಿನ ದೋಷ ಎಂದುಕೊಂಡೆವು. ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರುವುದು ನಿನ್ನ ಫ್ರಿಜ್ಜಿನ ಪ್ಲಗ್ಗಿಗೊಂದೇ, ಆದ್ದರಿಂದ ಅದರ ಮೌನವ್ರತ. ಆಮೇಲೆ ಮಗ್ಗದ ಅದುರಾಟದ ಮೇಲೆ ಅನುಮಾನ ಬಂತು. ಎರಡು ಮಗ್ಗ ಓಡುವಾಗ ಅಡುಗೆಮನೆಯ ಲೋಟಗಳು ಹೇಗೆ ಮಾತಾಡಿಕೊಳ್ಳುತ್ತವೆ ಎಂದು ನಿನಗೇ ಗೊತ್ತು. ಅದುರು ತಟ್ಟದಿರಲಿ ಎಂದು ನಾನು ಅಡುಗೆಮನೆಯ ತೊಲೆಗೆ ಜೋಲಿ ಕಟ್ಟಿ ಪೆಟ್ಟಿಗೆಯನ್ನು ಅದರಲ್ಲಿ ಮಲಗಿಸಿದೆ. ಮೊದಲು ನಿನ್ನ ಹಳೆಯ ಸೀರೆಯಲ್ಲಿ ಕಟ್ಟಿದ್ದೆ. 'ಅಪ್ಪ, ಅದಕ್ಕೆ ಉಸ್ರು ಕಟ್ಟತ್ತೆ!' ಎಂದು ಮಾನಸ ಚೀರಿದ ಮೇಲೆ ಸೊಳ್ಳೆಪರದೆಗೆ ಬದಲಾಯಿಸಿದೆ. ಶನಿವಾರ ಬುಟ್ಟಿಯಿಂದ ನಾನೇ ತೆಗೆದು ಚುಚ್ಚಿದ್ದ ವೈರನ್ನೇ ಮತ್ತೆ ಚುಚ್ಚಿದೆ. ತೊಲೆಯಿಂದ ಕೆಳಗಿನ ಮೇಜಿನವರೆಗೆ ಎಷ್ಟು ಸರಾಗವಾಗಿ ಎಟುಕಿತು ಎಂದರೆ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಮೊಸರು ಕೊಡಲು ಬಂದ ನರಸಮ್ಮ ಜೋಲಿ ನೋಡಿ ಬಾಗಿಲಲ್ಲೇ ನಿಂತಳು. 'ಯೋಗಣ್ಣ, ಯಾರ್ದಣ್ಣ ಕೂಸು? ಅನುಸೂಯಮ್ಮ ಮನೇಲಿಲ್ಲದ್ ಟೈಮಲ್ಲಿ!' ನಿನ್ನ ಕಿವಿಗೆ ಬೇರೆ ರೀತಿಯಲ್ಲಿ ಬೀಳುವ ಮೊದಲು ನಾನೇ ತಿಳಿಸಿಬಿಡುತ್ತಿದ್ದೇನೆ: ಕೂಸಿಗೆ ಮೂರು ಫ್ಯಾನ್ ಇವೆ.

ಮಾನಸ ಏನೇನೋ ಅಳಿಸಿ ಮತ್ತೆ ಹಾಕಿದಳು. ಕಾರ್ಡು ಕೊಟ್ಟ ಹುಡುಗಿಗೆ ಫೋನ್ ಮಾಡಿದಳು. 'ವೈರ್ ಸರಿಯಾಗಿ ಕೂತಿದ್ಯಾ ಅಪ್ಪ?' ಎಂದು ನಾಲ್ಕಾರು ಸಲ ಕೇಳಿದಳು. ಪ್ರತಿಸಲವೂ ಗಟ್ಟಿಯಾಗಿ ಕೂತಿದೆ ಎಂದೆ. ಮಗ್ಗದಲ್ಲಿ ಎಳೆ ಹರಿದರೆ ನನಗೆ ಸದ್ದಿನಲ್ಲೇ ಗೊತ್ತಾಗುತ್ತದೆ, ನಿಲ್ಲಿಸಿ ಗಂಟು ಹಾಕುತ್ತೇನೆ. ಇಲ್ಲಿ ಏನು ಹರಿದಿದೆ ಎಂದೇ ತಿಳಿಯದೆ ಜೋಲಿಯ ಪಕ್ಕ ನಿಂತು ಮಗಳ ಬೆನ್ನು ನೋಡುವುದೊಂದೇ ಕೆಲಸವಾಯಿತು. ನಡುನಡುವೆ ಜೋಲಿಯನ್ನು ಸ್ವಲ್ಪ ತೂಗಿದೆ. ಅದರಿಂದ ಪ್ರಯೋಜನವಿಲ್ಲ ಎಂದು ನನಗೂ ಗೊತ್ತು.

ನಿನ್ನೆ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಚೂಡಿದಾರ ತೆಗೆದು ಇಸ್ತ್ರಿ ಮಾಡಿದಳು. ನೆಲಮಂಗಲಕ್ಕೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಗೋಡೌನಿನ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೀನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಪಂದ್ಯದಲ್ಲಿ ಅವಳು ಸೋತು ಹೋದರೆ ನಾನೇ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆ. ಸೋಲದೆಯೇ ಆ ಕೆಲಸಕ್ಕೆ ಹೋಗುವುದನ್ನು ಮಾತ್ರ ನೋಡಲಾರೆ.

ಅಂಜನಮ್ಮನಿಗೆ ನಮಸ್ಕಾರ ಬೇಡ, ಅವಳು ಚಿಕ್ಕವಳು. ಬೇಗ ಎದ್ದು ಓಡಾಡಲಿ ಎಂದು ಹೇಳಿದೆ ಎನ್ನು. ಅವಳ ಮೊಮ್ಮಗಳು ಸಿಂಚನಳಿಗೆ ಆಶೀರ್ವಾದ, ವಿಶೇಷವಾಗಿ ಅವಳು ಇವತ್ತು ಬೆಳಿಗ್ಗೆ ಕಳಿಸಿದ ಫೋಟೋಕ್ಕೆ. ಬಿಸಿನೀರು ಹೇಳಿದ ಆ ಅಪರಿಚಿತ ಗಂಡಸಿಗೂ ನನ್ನ ವಂದನೆ, ಗುಣವಾಯಿತು.

ಇಂತಿ ನಿನ್ನ,
ಯೋಗಾನಂದ
(ಸದ್ಯಕ್ಕೆ ಜೋಲಿ ತೂಗುವ ಕೆಲಸದಲ್ಲಿ)

ಮರೆತಿದ್ದೆ: ಆ ಫೋಟೋದಲ್ಲಿ ನೀನು ಗೋಡೆಗೆ ಒತ್ತಿ ಕೂತು ಫೋನು ಬಾಯಿಯ ಮುಂದೆ ಹಿಡಿದಿದ್ದೀಯ. ಅದಕ್ಕೆ ಸಿಕ್ಕಿಸಿದ ವೈರು ಕಪ್ಪಗೆ, ದಪ್ಪಗೆ, ಒಂದೇ ಮೊಳ ಉದ್ದ. ಅದು ನಿನ್ನ ಚಾರ್ಜರಿನ ವೈರಲ್ಲ ಅನು, ಕಾರ್ಡಿನದು. ನಿನ್ನದು ಇಲ್ಲಿ ಜೋಲಿಗೆ ತೂಗುಬಿದ್ದಿತ್ತು. ಎರಡೂ ಕಪ್ಪು, ಎರಡರ ತುದಿಯೂ ಒಂದೇ ಥರ; ಆದರೆ ನಿನ್ನದು ಕರೆಂಟನ್ನಷ್ಟೇ ದಾಟಿಸುತ್ತದೆ, ಕಾರ್ಡಿನ ಬಲವನ್ನಲ್ಲ. ನೀನು ಗೊತ್ತಿಲ್ಲದೆ ತೆಗೆದುಕೊಂಡು ಹೋದೆ, ನಾನು ಗೊತ್ತಿಲ್ಲದೆ ಚುಚ್ಚಿದೆ. ಮಾನಸಳಿಗೆ ಹೇಳಿಲ್ಲ. ಪಂದ್ಯ ಗೆಲ್ಲಲು ಅಮ್ಮ ಬೇಕೆಂದೇ ಒಯ್ದಳು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿದರೂ ನಾನು ತಡೆಯಲಾರೆ. ನನಗೆ ಹಾಗೆ ಅನ್ನಿಸಿಲ್ಲ. ಅನ್ನಿಸಿದ್ದರೂ ಬರೆಯುವಷ್ಟು ಧೈರ್ಯಸ್ಥ ನಾನಲ್ಲ ಎಂದು ನಿನಗೆ ಗೊತ್ತು. ಊರಿನ ಮೊಬೈಲ್ ಅಂಗಡಿಗಳಲ್ಲೆಲ್ಲ ಕೇಳಿದೆ, ಅಂಥದ್ದು ಇಲ್ಲ. ತರಿಸಿದರೆ ಮುಂದಿನ ವಾರ. ನಾಳೆ ಸೀರೆ ಗಂಟು ಹೊತ್ತು ಹೊಸಕೋಟೆ ಕಡೆಗೆ ಹೊರಟು ಸಂಜೆಗೆ ವಾಪಸಾಗುವ ಉಮಾಶಂಕರನ ಕೈಯಲ್ಲಿ ಈ ಕಾಗದವನ್ನೂ ನಿನ್ನ ವೈರನ್ನೂ ಕಳಿಸುತ್ತಿದ್ದೇನೆ. ಇದು ಉದ್ದವಿದೆ, ಮಂಚದ ಮೇಲೆ ಮಲಗಿಯೇ ಮಾತಾಡಬಹುದು. ಅವನು ಬಾಗಿಲಲ್ಲಿ ನಿಂತಿರುವಾಗಲೇ ನಿನ್ನ ಫೋನಿಗೆ ಹಾಕಿರುವ ಆ ಗಿಡ್ಡ ವೈರನ್ನು ಕಿತ್ತು ಕೊಡು. ತುದಿಯಲ್ಲಿ ಮಿಂಚಿನ ಗುರುತಿದೆಯೇ ಎಂದು ಒಂದು ಸಲ ನೋಡು. ಊಟಕ್ಕೆ ಕೂರಿಸಬೇಡ, ಅವನು ಬೇಗ ಏಳುವವನಲ್ಲ. ಮತ್ತೆ ವೈರು ಬಿಚ್ಚಿಕೊಳ್ಳದಿರಲಿ ಎಂದು ನಿನ್ನ ಪದ್ಧತಿಯಂತೆ ಗಂಟು ಹಾಕಬೇಡ, ಹಾಗೇ ಸಡಿಲವಾಗಿ ಸುತ್ತಿ ಕೊಡು.