ಹಲಗೆಯ ಮೇಲಿನ ಆ ಕೆಂಪು ಅಕ್ಷರ ಬರೆದವನು ನಾನು

ಮಾನ್ಯ ಸುದ್ದಿ ಪರಿಶೀಲನಾಧಿಕಾರಿಗಳೇ,

ಹೊಲಿಗೆ ಕಾರ್ಖಾನೆಯ ಗೇಟು ದಾಟಿದ ಕೂಡಲೇ, ಪ್ರಥಮ ಚಿಕಿತ್ಸೆಯ ಕೋಣೆಯ ಹೊರಗೋಡೆಗೆ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಮೂರು ವರ್ಷದಿಂದ ‘ಸುಳ್ಳು ಸುದ್ದಿ’ ಎಂಬ ಕೆಂಪು ಅಕ್ಷರ ನಿಂತಿದೆ. ಬರೆದವನು ನಾನು. ಬರೆಸಿದವರು ನೀವು. ಅನುಭವಿಸುತ್ತಿರುವವಳು ನನ್ನ ತಂಗಿಯ ಮಗಳು. ಈ ಹಂಚಿಕೆ ನ್ಯಾಯವಲ್ಲ ಎಂದು ಹೇಳಲು ನಿಮ್ಮ ಕಚೇರಿಯ ಕಿಟಕಿಯಲ್ಲಿ ಮೂರು ಅರ್ಜಿ ಕೊಟ್ಟೆ. ಮೂರೂ ‘ಪರಿಶೀಲನೆಯಲ್ಲಿವೆ’ಯಂತೆ. ಅವಳ ಮಾತನ್ನು ಸುಳ್ಳು ಎಂದು ತೀರ್ಮಾನಿಸಲು ನಿಮಗೆ ಒಂದು ಮಧ್ಯಾಹ್ನ ಸಾಕಾಗಿತ್ತು, ನನ್ನ ಅರ್ಜಿಗೆ ಮಾತ್ರ ಎರಡು ಮಳೆಗಾಲ ಸಾಲಲಿಲ್ಲವೇ? ಅದಕ್ಕೇ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಊರು ಓದಲಿ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಬೋರ್ಡು ಬರೆಯುವವನು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ಉತ್ತರ ತಪ್ಪಾದರೂ ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಪಾಸು ಮಾಡಿದರು. ಆ ದುಂಡಕ್ಷರವೇ ನಲವತ್ತು ವರ್ಷ ನನ್ನನ್ನು ಸಾಕಿದೆ. ಈ ಊರಿನಲ್ಲಿ ನನ್ನ ಕೈ ತಗಲದ ಅಂಗಡಿ ಇಲ್ಲ. ನಾನು ಬರೆದ ಬೋರ್ಡನ್ನು ಕನ್ನಡಕ ಮರೆತು ಬಂದವರೂ ಆಚೆ ರಸ್ತೆಯಿಂದ ಓದುತ್ತಾರೆ. ನಿಮ್ಮ ಕೊಠಡಿಯ ಬಾಗಿಲ ಮೇಲಿರುವ ‘ಅನುಮತಿಯಿಲ್ಲದೆ ಒಳಗೆ ಬರಕೂಡದು’ ಕೂಡ ನನ್ನದೇ. ಅದನ್ನು ಎಷ್ಟು ಗಟ್ಟಿಯಾಗಿ ಬರೆದಿದ್ದೇನೆಂದರೆ, ಮೊದಲ ಅರ್ಜಿ ಹಿಡಿದು ಬಂದ ದಿನ ನಾನೇ ಅದನ್ನು ಓದಿ ಹೆದರಿ ಅರ್ಧ ಗಂಟೆ ಹೊರಗೆ ನಿಂತಿದ್ದೆ.

ರೋಗದ ಕಾಲದಲ್ಲಿ ಅಂಗಡಿಗಳು ಮುಚ್ಚಿ ನಾನು ಕೈಕಟ್ಟಿ ಕೂತಿದ್ದಾಗ ನಿಮ್ಮ ಕಚೇರಿ ಕರೆಯಿತು. ಸ್ವಯಂಸೇವಕ ಎಂದು ತೋಳಿಗೆ ಪಟ್ಟಿ ಕಟ್ಟಿದಿರಿ. ಗೋಡೆ, ಕಂಬ, ಹಲಗೆಗಳ ಮೇಲೆ ಸುಳ್ಳು ಕಂಡರೆ ಗುರುತು ಹಾಕು, ಬರೆದವರ ಹೆಸರು ಫಾರಂನಲ್ಲಿ ತುಂಬಿಸು ಅಂದಿರಿ. ಗುರುತು ಹಾಕಲು ಸುಣ್ಣದ ಬಣ್ಣ ಸಾಕು, ಆಮೇಲೆ ಒರೆಸಬಹುದು ಎಂದು ನಿಮ್ಮ ಆದೇಶದಲ್ಲೇ ಇತ್ತು. ಇಲ್ಲಿಗೆ ನಿಮ್ಮ ತಪ್ಪು ಸ್ವಲ್ಪ ಕಡಿಮೆಯಾಗುತ್ತದೆ, ಬರೆದುಕೊಳ್ಳಿ. ಸುಣ್ಣ ಬಳಿಯಲು ನಾನೇನು ಹಬ್ಬದ ಮನೆ ಕೂಲಿಯೇ ಎಂದುಕೊಂಡು, ಮನೆಯಲ್ಲಿದ್ದ ಎನಾಮೆಲ್ ಡಬ್ಬಿ ಒಡೆದವನು ನಾನು. ತಗಡಿನಲ್ಲಿ ‘ಸುಳ್ಳು ಸುದ್ದಿ’ ಎಂದು ಅಚ್ಚು ಕೊರೆದೆ. ಗೋಡೆಗೆ ಹಿಡಿದು ಕುಂಚ ಎಳೆದರೆ ಮುಗಿಯಿತು, ಹತ್ತು ವರ್ಷ ಮಾಸುವುದಿಲ್ಲ. ಹಾಗೆಂದು ಎಲ್ಲರೆದುರು ಕೊಚ್ಚಿಕೊಂಡೆ ಕೂಡ.

ಸುಳ್ಳೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೊಗೆಪುಡಿ ಮೂಸಿದರೆ ರೋಗ ಓಡುತ್ತದೆ ಎಂದು ಪೊಟ್ಟಣ ಮಾರುತ್ತಿದ್ದವನ ಗೋಡೆಗೆ ಹೊಡೆದ ಗುರುತನ್ನು ಇವತ್ತೂ ಇನ್ನೊಂದು ಸಲ ಹೊಡೆದೇನು. ನಾನು ತಪ್ಪಿದ್ದು ಆ ಕಪ್ಪು ಹಲಗೆಯ ವಿಷಯದಲ್ಲಿ.

ತಂಗಿಯ ಮಗಳು ಆ ಕಾರ್ಖಾನೆಯ ನರ್ಸು. ಸೂಜಿ ಚುಚ್ಚಿದ ಬೆರಳಿಗೆ ಪಟ್ಟಿ ಕಟ್ಟುವುದು, ತಲೆಸುತ್ತು ಬಂದವರನ್ನು ಮಲಗಿಸುವುದು ಅವಳ ಕೆಲಸ. ಆಗ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದುದು ಆಸ್ಪತ್ರೆಯ ಬಿಳಿ ನಿಲುವಂಗಿ. ಬಿಳಿ ಬಟ್ಟೆಗೆ ಧೂಳು ಕೂರಬಾರದೆಂದು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚುತ್ತಿದ್ದರು. ಯಾರು ಯಾವ ಮಿಷನ್ನಿನ ಮುಂದೆ ಕೂರುತ್ತಾರೆ ಎಂದು ಅವಳು ಹಾಳೆಯಲ್ಲಿ ಚೌಕ ಹಾಕಿ, ಜ್ವರ ಬಂದವರಿಗೆ ಒಂದೊಂದು ಚುಕ್ಕೆ ಇಟ್ಟಳು. ಚುಕ್ಕೆಗಳೆಲ್ಲ ಹೊಲಿಗೆ ಹಾಲ್‌ನ ಹಿಂಭಾಗದಲ್ಲೇ ಒತ್ತಿಕೊಂಡಿದ್ದವು. ಬಾಗಿಲ ಬಳಿ, ಗಾಳಿಯಾಡುವ ಕಡೆ ಎರಡೇ ಎರಡು. ಸೂಪರ್‌ವೈಸರನ್ನು ಕಾಡಿಬೇಡಿ ಹಿಂದಿನ ಕಿಟಕಿಗಳನ್ನು ತೆರೆಸಿದಳು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ‘ಕೈ ತೊಳೆದರಷ್ಟೇ ಸಾಲದು. ರೋಗ ಮುಚ್ಚಿದ ಕೋಣೆಯ ಗಾಳಿಯಲ್ಲೂ ಹರಡುತ್ತಿರುವಂತಿದೆ. ಕಿಟಕಿ ತೆರೆದಿಡಿ.’

ನಿಮ್ಮ ಸುತ್ತೋಲೆಯಲ್ಲಿ ಇದ್ದದ್ದು ಕೈ ತೊಳೆಯುವುದು ಮಾತ್ರ. ಹಲಗೆಯ ಸುದ್ದಿ ಕಿವಿಗೆ ಬಿದ್ದಕೂಡಲೇ, ಹಾಗಾದರೆ ಇದನ್ನೇನು ಮಾಡಲಿ ಎಂದು ನಿಮ್ಮ ಗುಮಾಸ್ತರಿಗೆ ಫೋನು ಮಾಡಿದೆ.

“ನಮ್ಮ ಸುತ್ತೋಲೆಯಲ್ಲಿ ಇದೆಯೇನ್ರೀ?”

“ಇಲ್ಲ ಸಾರ್.”

“ಮತ್ತೆ? ಹೊಡೀರಿ.”

ಊಟದ ಬಿಡುವಿನ ಹೊತ್ತಿಗೆ ಅಚ್ಚು ಹಿಡಿದು ಹೋದೆ. ಹೊಲಿಗೆಯ ಹೆಂಗಸರು ಹೊರಗೆ ಬಂದಿದ್ದರು. ಹಲಗೆಯ ಅಕ್ಷರ ಯಾರದೆಂದು ನನಗೆ ಕಂಡಕೂಡಲೇ ತಿಳಿಯಿತು. ಅವಳ ಕೈ ಹಿಡಿದು ತಿದ್ದಿಸಿದವನೇ ನಾನಲ್ಲವೇ? ಅವಳು ಓಡಿಬಂದಳು.

“ಮಾವ, ಏನು ಮಾಡ್ತಿದೀಯ?”

“ನೀನು ಮಾಡಿದ್ದಕ್ಕೆ ನಾನು ಮಾಡ್ಬೇಕಾದ್ದು.”

“ನಾನು ಹರಡ್ತಿದೆ ಅಂದಿಲ್ಲ, ಹರಡ್ತಿರೋ ಹಾಗಿದೆ ಅಂದಿದೀನಿ. ಒಂದ್ಸಲ ಈ ಚುಕ್ಕೆ ನೋಡು.”

“ಚುಕ್ಕೆ ನೋಡೋಕೆ ನಾನೇನು ಜೋಯಿಸನಾ?” ಅಂದೆ. ಹೆಂಗಸರು ನಕ್ಕರು. ನನಗೆ ಹುರುಪು ಬಂತು.

ಅವಳು ನಗಲಿಲ್ಲ. “ಸರಿ, ಒಪ್ಪಲ್ಲ ಅಂದ್ರೆ ಬೇಡ. ಆದ್ರೆ ಸುಳ್ಳು ಅಂತ ಹಾಕ್ಬೇಡ ಮಾವ. ‘ಇನ್ನೂ ಗೊತ್ತಿಲ್ಲ’ ಅಂತ ಹಾಕು.”

“ಅಷ್ಟೆಲ್ಲ ಅಚ್ಚಲ್ಲಿ ಹಿಡಿಸಲ್ಲ ಕಣಮ್ಮ,” ಎಂದು ಕುಂಚ ಎಳೆದೇಬಿಟ್ಟೆ. ಹಿಂದೆ ತಿರುಗಿ, “ನೋಡ್ಕೊಳ್ಳಿ, ಸ್ವಂತ ತಂಗಿ ಮಗಳನ್ನೂ ಬಿಡದವನು ನಾನು,” ಎಂದೆ. ಚಪ್ಪಾಳೆ ಬಿತ್ತು. ಸ್ವಾಮಿ, ನನ್ನ ಬೋರ್ಡುಗಳನ್ನು ಜನ ಹೊಗಳಿದ್ದಾರೆ, ಆದರೆ ಚಪ್ಪಾಳೆ ಬಿದ್ದದ್ದು ಆವತ್ತು ಒಂದೇ ದಿನ.

ಒಬ್ಬಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗುಂಡಿ ತೂರಿಸುವ ಕಾಜ ಹೊಲಿಯುವವಳು. ಕಾಜದಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದುದು. ಕಡೆಯ ಸಾಲಿನಲ್ಲಿ ಅವಳ ಜಾಗ. ಹತ್ತಿರ ಬಂದು ಕೇಳಿದಳು: “ಅಣ್ಣಾ, ಹಾಗಾದ್ರೆ ಕಿಟಕಿ ಮುಚ್ಕೋಬಹುದಾ? ಬಟ್ಟೆ ಮೇಲೆ ಧೂಳು ಕೂತ್ರೆ ನನ್ನನ್ನೇ ಬೈತಾರೆ.”

“ಧಾರಾಳವಾಗಿ ಮುಚ್ಕೋ ತಾಯಿ. ನಾನಿದೀನಲ್ಲ,” ಎಂದೆ.

ಸಂಜೆಯೊಳಗೆ ಕಿಟಕಿಗಳೆಲ್ಲ ಮುಚ್ಚಿದವು. ಹದಿನೈದು ದಿನದಲ್ಲಿ ಕಡೆಯ ಸಾಲು ಪೂರ್ತಿ ಮಲಗಿತು. ಉಳಿದವರು ಎದ್ದರು, ಕಾಜದಕ್ಕ ಏಳಲಿಲ್ಲ. ಕಿಟಕಿ ತೆರೆದಿದ್ದರೆ ಉಳಿಯುತ್ತಿದ್ದಳೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಆವತ್ತೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ‘ನಾನಿದೀನಲ್ಲ’ ಎಂದೆನಲ್ಲ, ಆ ಮಾತನ್ನು ಯಾವ ಬಣ್ಣ ಬಳಿದೂ ಮುಚ್ಚಲಾರೆ. ಅವಳಿಗೆ ನಾನು ಇದ್ದೆನೇ? ಎಲ್ಲಿದ್ದೆ?

ನಾಲ್ಕು ತಿಂಗಳ ಮೇಲೆ ನಿಮ್ಮ ಹೊಸ ಸುತ್ತೋಲೆ ಬಂತು: ‘ರೋಗವು ಮುಚ್ಚಿದ ಕೋಣೆಯ ಗಾಳಿಯಲ್ಲೂ ಹರಡುತ್ತದೆ. ಕಿಟಕಿಗಳನ್ನು ತೆರೆದಿಡತಕ್ಕದ್ದು.’ ಅವಳದೇ ಮಾತು, ನಿಮ್ಮ ಮೊಹರು. ಕಾರ್ಖಾನೆಯವರು ಅದನ್ನು ಅದೇ ಕಪ್ಪು ಹಲಗೆಗೆ ಅಂಟಿಸಿದರು. ಅವಳ ಸೀಮೆಸುಣ್ಣ ಎಂದೋ ಅಳಿಸಿಹೋಗಿತ್ತು. ನನ್ನ ಎನಾಮೆಲ್ ಅಳಿಯುವುದುಂಟೇ? ಮೇಲೆ ಕೆಂಪಗೆ ‘ಸುಳ್ಳು ಸುದ್ದಿ’, ಕೆಳಗೆ ನಿಮ್ಮ ಸಹಿ. ಹೆಂಗಸರು ಅದನ್ನು ನೋಡಿ ನಗುತ್ತಿದ್ದರು. ನನಗೂ ನಗು ಬಂತು. ಕಡೆಯ ಸಾಲಿನ ಖಾಲಿ ಕುರ್ಚಿ ನೆನಪಾಗಿ ಅರ್ಧದಲ್ಲೇ ನಿಂತಿತು.

ಸುತ್ತೋಲೆ ಬದಲಾಯಿತಲ್ಲ, ತಪ್ಪು ಮಾಹಿತಿ ಹರಡಿದವರ ಪಟ್ಟಿಯಿಂದ ಅವಳ ಹೆಸರು ತೆಗೆಯಿರಿ ಎಂದು ಬಂದಾಗ ನಿಮ್ಮ ಗುಮಾಸ್ತರು ಕೊಟ್ಟ ಉತ್ತರವನ್ನು ಚೌಕಟ್ಟು ಹಾಕಿಸಿ ಇಡಬೇಕು. “ಈಗ ಅದು ನಿಜ ಇರಬಹುದು. ಆದ್ರೆ ಆ ದಿನಾಂಕಕ್ಕೆ ಸುಳ್ಳೇ.” ಹೌದೇ ಸ್ವಾಮಿ? ರೋಗವೂ ನಿಮ್ಮ ಸುತ್ತೋಲೆ ಓದಿಕೊಂಡು, ತಾರೀಖು ನೋಡಿಕೊಂಡು, ಆಮೇಲೆ ಗಾಳಿಗೆ ಹಾರಿತೇ? ಆ ದಿನಾಂಕಕ್ಕೆ ನಿಮಗೆ ಗೊತ್ತಿರಲಿಲ್ಲ. ಅದು ತಪ್ಪಲ್ಲ, ಹೊಸ ರೋಗ, ಯಾರಿಗೆ ಗೊತ್ತಿತ್ತು? ನಿಮಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಸುಳ್ಳು ಎಂದು ಕರೆದಿರಲ್ಲ, ತಪ್ಪು ಅಲ್ಲಿದೆ. ಹೊಗೆಪುಡಿ ಮಾರುವವನಿಗೂ ಚುಕ್ಕೆ ಇಟ್ಟು ನೋಡುವವಳಿಗೂ ಒಂದೇ ಅಚ್ಚು ಸಾಕು ಎಂದುಕೊಂಡಿರಿ. ನಾನೂ ಹಾಗೇ ಅಂದುಕೊಂಡೆ.

ಆ ಪಟ್ಟಿಯಲ್ಲಿ ಅವಳ ಹೆಸರು ಬರೆದದ್ದೂ ನನ್ನದೇ ದುಂಡಕ್ಷರ. ಕಾರ್ಖಾನೆಯವರು ಅವಳನ್ನು ನಾನು ಹೆಸರು ಬರೆದ ತಿಂಗಳೇ ಕೆಲಸ ಬಿಡಿಸಿದರು. ಈಗ ಔಷಧಿ ಅಂಗಡಿಯ ಹಿಂದೆ ಕೂತು ಮಾತ್ರೆ ಎಣಿಸುತ್ತಾಳೆ. ದೊಡ್ಡಾಸ್ಪತ್ರೆ ನರ್ಸ್ ಕೆಲಸಕ್ಕೆ ಕರೆದಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂಬ ನಿಮ್ಮ ಪತ್ರವನ್ನು ಈ ತಿಂಗಳ ಇಪ್ಪತ್ತೆಂಟರೊಳಗೆ ಕೊಡಬೇಕು. ಇಂಥ ಕರೆ ಎರಡು ಸಲ ಹೀಗೇ ಕೈತಪ್ಪಿದೆ. ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮಗಳು ಬಿಟ್ಟಿಲ್ಲ, ಅದೇ ಕಷ್ಟ. ಒಂದು ಸಲ ಬೈದಾದರೂ ಬಿಡಮ್ಮ ಎಂದು ಮೊನ್ನೆ ಅಂಗಡಿಗೇ ಹೋಗಿ ಕೂತೆ. ಮಾತ್ರೆ ಎಣಿಸುತ್ತಲೇ ಹೇಳಿದಳು: “ನಿನ್ನ ಅಕ್ಷರ ಚೆನ್ನಾಗಿತ್ತಲ್ಲ ಮಾವ, ಅದಕ್ಕೇ ಎಲ್ರೂ ನಂಬಿದ್ರು.”

ಇದುವರೆಗೆ ನನ್ನ ಅಕ್ಷರವನ್ನು ಅಷ್ಟು ಹೊಗಳಿದವರಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಇಪ್ಪತ್ತೆಂಟರೊಳಗೆ ಅವಳ ಹೆಸರನ್ನು ಪಟ್ಟಿಯಿಂದ ಹೊಡೆದು ಪತ್ರ ಕೊಡಿ. ಖಾಲಿಯಾದ ಸಾಲಿನಲ್ಲಿ ನನ್ನ ಹೆಸರು ಬರೆಯಿರಿ, ಆ ದಿನಾಂಕಕ್ಕೆ ಸುಳ್ಳು ಹರಡಿದವನು ನಾನೇ. ಹಲಗೆಯ ಗುರುತು ಅಳಿಸಲು ಅನುಮತಿಯನ್ನೂ ಕೊಡಿ. ಕದ್ದು ಅಳಿಸುವುದು ನನಗೆ ಕಷ್ಟವಲ್ಲ, ಆದರೆ ಊರೆದುರು ಬರೆದದ್ದನ್ನು ಊರೆದುರೇ ಅಳಿಸಬೇಕು. ಅದೇ ಊಟದ ಬಿಡುವಿನಲ್ಲಿ, ಅದೇ ಹೆಂಗಸರ ಮುಂದೆ. ಈ ಸಲ ಚಪ್ಪಾಳೆ ಬೇಡ.

ಇನ್ನೊಂದು ವಿಷಯ. ಹೋದ ವಾರ ಅದೇ ಅಳತೆಯ ತಗಡು ತಂದು, ಅವಳು ಹೇಳಿದ ‘ಇನ್ನೂ ಗೊತ್ತಿಲ್ಲ’ ಎಂಬುದನ್ನು ಕೊರೆದು ನೋಡಿದೆ. ಮೊದಲಿನದಕ್ಕಿಂತ ಒಂದೇ ಒಂದು ಅಕ್ಷರ ಹೆಚ್ಚು. ಅಂಚಿನಲ್ಲಿ ಎರಡು ಬೆರಳು ಜಾಗ ಇನ್ನೂ ಮಿಕ್ಕಿತು. ಆ ಅಚ್ಚನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಮುಂದೆ ಯಾವುದಾದರೂ ರೋಗ ಬಂದಾಗ ಬೇಕಾಗುತ್ತದೆ.

ಇಂತಿ,
ಹಿಡಿಸುವುದಿಲ್ಲ ಎಂದು ಅಳತೆ ನೋಡದೆ ಹೇಳಿದ,
ಬೋರ್ಡು ಬರೆಯುವ ಮಾವ