ಅಣ್ಣ ಹಿಂದಕ್ಕೆ ಕಳಿಸಿದ ಮರಳು

ಅತ್ತಿಗೆಗೆ ನಮಸ್ಕಾರ.

ತೀರಿಹೋದ ಅಣ್ಣನ ಸಾಮಾನು ತರಲು ಬಂದವನು, ಇಂದು ಅವನು ಕೆಲಸ ಮಾಡಿದ ಕೊನೆಯ ಅನಿಲ ಬಾವಿ ತೆರೆದದ್ದನ್ನು ನೋಡಿದೆ. ಮೂರು ಕಿಲೋಮೀಟರ್ ಆಳದ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ, ಬಿರುಕು ಮುಚ್ಚದಂತೆ ಮರಳು ತುಂಬುತ್ತಾರೆ. ಮರಳು ಪುಡಿಯಾದರೆ ಅನಿಲಕ್ಕೆ ದಾರಿಯಿಲ್ಲ. ಮರಳು ಸರಿಯಿಲ್ಲವೆಂದು ಎರಡು ಲಾರಿ ಹಿಂದಕ್ಕೆ ಕಳಿಸಿ ಅಣ್ಣ ಬೈಸಿಕೊಂಡದ್ದು ಇದೇ ಬಾವಿಗಾಗಿ.

ಅಣ್ಣನ ಜೊತೆ ಕೆಲಸ ಮಾಡಿದ ಮೇಸ್ತ್ರಿ ಬಾವಿಯ ಬಾಯಿ ತೆರೆಯುವ ಚಕ್ರವನ್ನು ಕೂದಲೆಳೆಯಷ್ಟೇ ತಿರುಗಿಸಿದರು. ಮೊದಲ ಅನಿಲವನ್ನು ಉರಿಸಿ ನೋಡುವ ಕೊಳವೆಯ ತುದಿಯಲ್ಲಿ ಮೂರಾಳೆತ್ತರ ಬೆಂಕಿ ಎದ್ದಿತು, ಕಾಲಡಿಯ ನೆಲ ಗುಂಯ್ ಎಂದಿತು. ಅನಿಲದ ಒತ್ತಡ ತೋರಿಸುವ ಮುಳ್ಳು ಸಂಜೆಯಾದರೂ ಇಳಿಯಲಿಲ್ಲ.

"ಅವ್ನು ವಾಪಸ್ ಕಳಿಸಿದ ಮರಳನ್ನೇ ಹಾಕಿದ ಪಕ್ಕದ ಬಾವಿ ಎರಡೇ ದಿನಕ್ಕೆ ಮಲಗ್ತು. ಮೊಸರಲ್ಲಿ ಕಲ್ಲು ಹುಡುಕ್ತಾನೆ ಅಂತ ನಿಮ್ಮಣ್ಣನ್ನ ಆಡ್ಕೊಂಡೆ ಕಣಪ್ಪ" ಎಂದರು ಮೇಸ್ತ್ರಿ.

ಹೊರಡುವಾಗ ಇದ್ದ ನನ್ನ ಕೆಮ್ಮು ಕಡಿಮೆಯಾಗಿದೆ. ಭಾನುವಾರ ಮೇಸ್ತ್ರಿ ಫೋನ್ ಮಾಡಿ ನಿಮ್ಮಲ್ಲಿ ಕ್ಷಮೆ ಕೇಳುತ್ತಾರಂತೆ. ಫೋನ್ ಎತ್ತಿ.

ನಿಮ್ಮ ಮೈದುನ